ಆಟೋ ಓಲಾಟ ನಿಲ್ಲಬೇಕೆಂದರೆ ಮೊದಲು ಬುಷ್, ಆಮೇಲೆ ಶಾಕ್, ಕೊನೆಗೆ ಸ್ಪ್ರಿಂಗ್

"ಗಾಡಿ ತಿರುವಿನಲ್ಲಿ ವಾಲುತ್ತೆ" ಎಂದು ದಾವಣಗೆರೆಯ ಯಾವುದೇ ಆಟೋ ಸ್ಟ್ಯಾಂಡಿನಲ್ಲಿ ಹೇಳಿ ನೋಡಿ, ಬರುವ ಮೊದಲ ಸಲಹೆ "ದಪ್ಪ ಸ್ಪ್ರಿಂಗ್ ಹಾಕಿಸು" ಎಂದೇ. ಹಾಕಿಸಿದ ಮೇಲೆ ವಾಲುವುದು ಕಡಿಮೆಯಾದಂತೆ ಕಾಣುತ್ತದೆ, ನಿಜ. ಆದರೆ ಗುಂಡಿಗೆ ಬಿದ್ದಾಗ ಗಾಡಿ ಎಗರುತ್ತದೆ, ಹ್ಯಾಂಡಲ್ ನಡುಗುತ್ತದೆ, ಆರು ತಿಂಗಳೊಳಗೆ ಚಕ್ರ ತಿರುಗಿಸುವ ಡ್ರೈವ್ ಶಾಫ್ಟಿನ ಜಾಯಿಂಟ್ ಕಟಕಟ ಎನ್ನತೊಡಗುತ್ತದೆ. ಮೂರು ಚಕ್ರದ ಗಾಡಿಯ ಸಸ್ಪೆನ್ಷನ್ ಸುಧಾರಿಸುವ ಕೆಲಸಕ್ಕೆ ಒಂದು ಕ್ರಮವಿದೆ. ಸವೆದ ಕೀಲುಗಳನ್ನು (ಅಲ್ಲಿರುವ ರಬ್ಬರ್ ತೋಳೇ ಬುಷ್) ಬಿಗಿ ಮಾಡಬೇಕು, ಆಮೇಲೆ ಶಾಕ್ (ತೂಗಾಟ ತಡೆಯುವ ಎಣ್ಣೆಯ ಕೊಳವೆ) ಬದಲಿಸಬೇಕು, ಎತ್ತರ ಅಳೆಯಬೇಕು. ಇಷ್ಟಾದ ಮೇಲೂ ಬೇಕೆನಿಸಿದರೆ ಮಾತ್ರ ಸ್ಪ್ರಿಂಗಿಗೆ ಕೈ ಹಾಕಬೇಕು. ಹೀಗೆ ಹೋದರೆ ಹತ್ತರಲ್ಲಿ ಏಳೆಂಟು ಗಾಡಿಗಳು ಸ್ಪ್ರಿಂಗಿನವರೆಗೆ ಬರುವುದೇ ಇಲ್ಲ.

ಮುಂದೆ ಒಂದು, ಹಿಂದೆ ಎರಡು: ಮಗುಚುವುದು ಯಾಕೆ

ಸ್ಪ್ಯಾನರ್ ಹಿಡಿಯುವ ಮೊದಲು ಈ ಲೆಕ್ಕ ತಲೆಯಲ್ಲಿರಲಿ. ಆಟೋ ನಿಂತಿರುವುದು ತ್ರಿಕೋನದ ಮೇಲೆ. ಅದು ಮಗುಚುವುದು ಹಿಂದಿನ ಚಕ್ರದ ನೇರಕ್ಕಲ್ಲ, ಮುಂದಿನ ಚಕ್ರದಿಂದ ಹೊರಬದಿಯ ಹಿಂದಿನ ಚಕ್ರಕ್ಕೆ ಎಳೆದ ಓರೆ ಗೆರೆಯ ಮೇಲೆ. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ 2 ಮೀಟರ್, ಹಿಂದಿನ ಎರಡು ಚಕ್ರಗಳ ನಡುವೆ 1.2 ಮೀಟರ್ ಎಂದು ಇಟ್ಟುಕೊಳ್ಳಿ. ಒಟ್ಟು ತೂಕದ ನಡುಬಿಂದು ಮುಂದಿನ ಚಕ್ರದಿಂದ ಶೇ. 60ರಷ್ಟು ಹಿಂದಿದ್ದರೆ, ಅಲ್ಲಿಂದ ಆ ಗೆರೆಗೆ ಅಡ್ಡಲಾಗಿ ಸಿಗುವ ಜಾಗ 36 ಸೆಂ.ಮೀ. ಮಾತ್ರ. ಅಷ್ಟೇ ಅಗಲದ ನಾಲ್ಕು ಚಕ್ರದ ಗಾಡಿಗಾದರೆ 60 ಸೆಂ.ಮೀ. ಸಿಗುತ್ತಿತ್ತು.

ನಡುಬಿಂದು ನೆಲದಿಂದ 60 ಸೆಂ.ಮೀ. ಎತ್ತರದಲ್ಲಿದ್ದರೆ, 10 ಮೀಟರ್ ತ್ರಿಜ್ಯದ ತಿರುವಿನಲ್ಲಿ ಸುಮಾರು 27 ಕಿ.ಮೀ. ವೇಗಕ್ಕೆ ಒಳಬದಿಯ ಚಕ್ರ ನೆಲ ಬಿಡುತ್ತದೆ. ಅದೇ ತಿರುವಿನಲ್ಲಿ ಮಧ್ಯಮ ಬ್ರೇಕ್ ಒತ್ತಿದರೆ ತೂಕ ತ್ರಿಕೋನದ ಚೂಪಾದ ತುದಿಯತ್ತ ನುಗ್ಗುತ್ತದೆ, ಮಿತಿ 25ಕ್ಕೆ ಇಳಿಯುತ್ತದೆ. ಬ್ರೇಕ್ ಮುಟ್ಟದಿದ್ದರೂ ನಡುಬಿಂದು 10 ಸೆಂ.ಮೀ. ಮೇಲೇರಿದರೆ ಸಾಕು, ಮತ್ತೆ ಅದೇ 25. ಇದು ಕಾಗದದ ಮೇಲಿನ ಗರಿಷ್ಠ. ಬಾಡಿ ವಾಲುವುದು, ಟಯರ್ ಮೆತ್ತಗಿರುವುದು, ರಸ್ತೆ ಹೊರಕ್ಕೆ ಇಳಿಜಾರಾಗಿರುವುದು ಸೇರಿದರೆ ನಿಜವಾದ ಮಿತಿ ಇನ್ನೂ ಕೆಳಗೆ. ಚಾಲಕನ ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಳ್ಳುವುದು ಎಷ್ಟು ಅಪಾಯವೆಂದು ಇದರಿಂದಲೇ ತಿಳಿಯುತ್ತದೆ. ಆ ತೂಕ ಸೇರುವುದು ತ್ರಿಕೋನ ಕಿರಿದಾಗಿರುವ ಕಡೆಗೇ.

ದಪ್ಪ ಸ್ಪ್ರಿಂಗ್ ಈ ಮಿತಿಯನ್ನು ಹೆಚ್ಚಿಸುವುದು ತೀರಾ ಅಲ್ಪ. ಗಾಡಿ ವಾಲುವುದನ್ನು ಅದು ಕಡಿಮೆ ಮಾಡುತ್ತದೆ, ಆದರೆ ಆ ವಾಲುವಿಕೆಯೇ ಚಾಲಕನಿಗೆ ಸಿಗುತ್ತಿದ್ದ ಎಚ್ಚರಿಕೆ. ಅದು ಹೋದರೆ ಚಕ್ರ ಏಳುವುದು ಗೊತ್ತಾಗುವಷ್ಟರಲ್ಲಿ ಎದ್ದಾಗಿರುತ್ತದೆ. ಸ್ಪ್ರಿಂಗನ್ನು ಕೊನೆಗೆ ಇಟ್ಟಿರುವುದಕ್ಕೆ ಮುಖ್ಯ ಕಾರಣ ಇದು.

ನಮ್ಮ ಕಡೆಯ ರಸ್ತೆ ಗಾಡಿಗೆ ಏನು ಮಾಡುತ್ತದೆ

ದಾವಣಗೆರೆ, ಹರಿಹರದ ಸುತ್ತ ಬಹಳಷ್ಟು ಎರೆನೆಲ. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಆ ಮಣ್ಣಿನ ಮೇಲೆ ಹಾಸಿದ ಡಾಂಬರು ಅಲೆ ಅಲೆಯಾಗಿ ಕೂರುತ್ತದೆ. ಇಂಥ ಉದ್ದನೆಯ ಏರಿಳಿತದಲ್ಲಿ ಗಾಡಿ ತೊಟ್ಟಿಲಿನಂತೆ ತೂಗುವುದಕ್ಕೆ ಸೋತ ಶಾಕ್ ಕಾರಣ, ಸ್ಪ್ರಿಂಗ್ ಅಲ್ಲ. ಚಿತ್ರದುರ್ಗದ ಕಡೆ ಕಲ್ಲುನೆಲ, ಧೂಳು, ಅದರ ಜೊತೆಗೆ ಗಾಳಿ. ಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ತಿರುಗಿಸುವ ಗಾಳಿಯೇ ಹೆದ್ದಾರಿಯಲ್ಲಿ ಆಟೋದ ಮಗ್ಗುಲಿಗೆ ಬಡಿಯುತ್ತದೆ. ರೆಕ್ಸಿನ್ ಪರದೆ ಇಳಿಬಿಟ್ಟ ಆಟೋ ಅದಕ್ಕೆ ಹಾಯಿಯಿದ್ದಂತೆ. ಆಗ ಗಾಡಿಯನ್ನು ಗೆರೆಯ ಮೇಲೆ ಹಿಡಿಯುವುದು ಹ್ಯಾಂಡಲಿನ ಬಾಲ್ ರೇಸ್ (ಹ್ಯಾಂಡಲ್ ತಿರುಗಲು ಗುಂಡುಗಳು ಓಡುವ ಬಳೆ) ಮತ್ತು ಹಿಂದಿನ ಬುಷ್‌ಗಳು.

ಗೂಡ್ಸ್ ಆಟೋದವರಿಗೆ ಒಂದು ಮಾತು. ಮಂಡಕ್ಕಿ ಚೀಲ ಹಗುರ, ಆದರೆ ಎತ್ತರಕ್ಕೆ ಪೇರಿಸುತ್ತೀರಿ. ಅಲ್ಲಿ ತೊಂದರೆ ಕೊಡುವುದು ಗಾಳಿ. ಅಕ್ಕಿ, ಮೆಕ್ಕೆಜೋಳ, ಅಡಿಕೆ ಚೀಲದಲ್ಲಿ ತೊಂದರೆ ಕೊಡುವುದು ತೂಕ. ಎರಡಕ್ಕೂ ಒಂದೇ ಸ್ಪ್ರಿಂಗ್ ಹೊಂದುವುದಿಲ್ಲ. ವರ್ಷದ ಬಹುಪಾಲು ಏನು ಹೊರುತ್ತೀರೋ ಅದಕ್ಕೆ ಹೊಂದಿಸಿ.

ಸಾಮಾನು

ಎರಡು ಟನ್ನಿನ ಹೈಡ್ರಾಲಿಕ್ ಜಾಕ್, ಎರಡು ಕಬ್ಬಿಣದ ಸ್ಟ್ಯಾಂಡ್ (ಇಟ್ಟಿಗೆ, ಹಾಲೋ ಬ್ಲಾಕ್ ಬೇಡ, ಅವು ಸೂಚನೆ ಕೊಡದೆ ಒಡೆಯುತ್ತವೆ), ಚಕ್ರಕ್ಕೆ ಕೊಡಲು ಮರದ ತುಂಡು, 10ರಿಂದ 24ರವರೆಗಿನ ರಿಂಗ್ ಮತ್ತು ಬಾಕ್ಸ್ ಸ್ಪ್ಯಾನರ್, ಸ್ಪ್ರಿಂಗ್ ಕಂಪ್ರೆಸರ್, ಟಾರ್ಕ್ ರೆಂಚ್, ಅಳತೆ ಟೇಪು, ತುಕ್ಕು ಬಿಡಿಸುವ ಎಣ್ಣೆ, ಎಪಿ-3 ಗ್ರೀಸ್, ವೈರ್ ಬ್ರಷ್, 120 ನಂಬರಿನ ಎಮರಿ ಕಾಗದ. ಬುಷ್ ಒತ್ತಲು 12 ಮಿ.ಮೀ. ದಪ್ಪದ, ಒಂದಡಿ ಉದ್ದದ ಮರೆ (ಥ್ರೆಡ್) ಹೊಡೆದ ರಾಡು, ಎರಡು ನಟ್, ನಾಲ್ಕು ದಪ್ಪ ವಾಷರ್.

ಭಾಗಗಳ ಪೈಕಿ: ಹಿಂದಿನ ಆರ್ಮ್‌ಗಳ (ಚಕ್ರವನ್ನು ಚಾಸಿಗೆ ಸೇರಿಸುವ ಕಬ್ಬಿಣದ ತೋಳು) ಪೂರ್ತಿ ಬುಷ್ ಸೆಟ್, ಹಿಂದಿನ ಶಾಕ್ ಜೋಡಿ, ಮುಂದಿನ ಶಾಕ್ ಒಂದು, ಬಾಲ್ ರೇಸ್ ಸೆಟ್, ಮುಂದಿನ ಲಿಂಕಿನ ಪಿನ್ ಮತ್ತು ಬುಷ್ ಅಥವಾ ಸೂಜಿ ಬೇರಿಂಗ್ ಕಿಟ್, ಬಂಪ್ ರಬ್ಬರ್ (ಆರ್ಮ್ ಮೇಲಕ್ಕೆ ಬಡಿಯದಂತೆ ತಡೆಯುವ ರಬ್ಬರ್) ಎರಡು, ಸಡಿಲವಾಗದಂತೆ ಒಳಗೆ ನೈಲಾನ್ ಬಳೆಯಿರುವ ಹೊಸ ನೈಲಾಕ್ ನಟ್‌ಗಳು. ಒಮ್ಮೆ ಬಿಚ್ಚಿದ ನೈಲಾಕ್ ನಟ್ಟನ್ನು ಮತ್ತೆ ಹಾಕಬೇಡಿ. ಬೋಲ್ಟ್ ಬದಲಿಸಬೇಕಾದರೆ ತಲೆಯ ಮೇಲೆ 8.8 ಎಂದು ಅಚ್ಚಿರುವುದನ್ನೇ ಕೇಳಿ ತನ್ನಿ. ಗುರುತೇ ಇಲ್ಲದ ಮೆತ್ತನೆ ಬೋಲ್ಟ್ ಆರ್ಮಿಗೆ ಹೋದರೆ ಬಾಗುತ್ತದೆ, ಆಮೇಲೆ ತೂತೂ ಅಗಲವಾಗುತ್ತದೆ.

ಆಟೋವನ್ನು ಒಂದು ಮಗ್ಗುಲಿಗೆ ಕೆಡವಿ ಕೆಲಸ ಮಾಡುವ ರೂಢಿ ಎಲ್ಲ ಕಡೆ ಇದೆ. ದಯವಿಟ್ಟು ಬಿಡಿ. ಬ್ಯಾಟರಿಯ ಆಸಿಡ್ ಚೆಲ್ಲುತ್ತದೆ, ಪೆಟ್ರೋಲ್ ಸೋರುತ್ತದೆ, ಎಲ್‌ಪಿಜಿ ಅಥವಾ ಸಿಎನ್‌ಜಿ ಗಾಡಿಯಲ್ಲಂತೂ ಅದು ಜೀವದ ಜೊತೆ ಆಟ. ಗ್ಯಾಸ್ ಗಾಡಿಯಾದರೆ ಸಿಲಿಂಡರ್ ವಾಲ್ವ್ ಮುಚ್ಚಿ, ಬ್ಯಾಟರಿಯ ನೆಗೆಟಿವ್ ತಂತಿ ತೆಗೆದೇ ಶುರು ಮಾಡಿ.

ಬಿಚ್ಚುವ ಮುನ್ನ ಅಳೆಯಿರಿ

ಸಮತಟ್ಟಾದ ಸಿಮೆಂಟ್ ನೆಲ ಬೇಕು. ಟಯರಿನ ಗಾಳಿಯನ್ನು ಕೈಪಿಡಿಯಲ್ಲಿರುವ ಅಂಕಿಗೆ ತನ್ನಿ, ಎಡ ಬಲ ಒಂದೇ ಇರಲಿ. ಹಿಂದಿನ ಆಕ್ಸಲ್ ನಟ್ಟಿನ ನಡುವಿನಿಂದ ನೇರ ಮೇಲಕ್ಕೆ ಮಡ್‌ಗಾರ್ಡ್ ಅಂಚಿನವರೆಗೆ ಎರಡೂ ಬದಿ ಮೂರು ಸಲ ಅಳೆದು ಬರೆದುಕೊಳ್ಳಿ. ಮೊದಲನೆಯದು ಜಾಕ್ ಎತ್ತಿ ಚಕ್ರ ನೇತಾಡುವಾಗ, ಎರಡನೆಯದು ಚಾಲಕ ಒಬ್ಬರೇ ಕೂತಾಗ, ಮೂರನೆಯದು ಪೂರ್ತಿ ಭಾರದಲ್ಲಿ. ಭಾರಕ್ಕೆ ಜನರನ್ನು ಕಾಯಬೇಕಿಲ್ಲ, ಹಿಂದಿನ ಸೀಟಿನ ಮೇಲೆ 25 ಕೆ.ಜಿ.ಯ ಏಳು ಅಕ್ಕಿ ಚೀಲ ಇಟ್ಟರೆ 175 ಕೆ.ಜಿ., ಹೆಚ್ಚುಕಡಿಮೆ ಮೂವರು ಪ್ರಯಾಣಿಕರು.

ಎಡಬಲಗಳ ನಡುವೆ 10 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಒಂದು ಸ್ಪ್ರಿಂಗ್ ಕುಸಿದಿದೆ, ಇಲ್ಲವೇ ಆರ್ಮ್ ಬಾಗಿದೆ. ಹೆಚ್ಚಾಗಿ ಕುಸಿಯುವುದು ಎಡದ್ದು, ಏಕೆಂದರೆ ನಾವು ಎಡಕ್ಕೆ ಓಡಿಸುತ್ತೇವೆ, ರಸ್ತೆಯ ಇಳಿಜಾರೂ ಎಡಕ್ಕೇ. ಪೂರ್ತಿ ಭಾರದಲ್ಲಿ ಬಂಪ್ ರಬ್ಬರಿಗೂ ಅದು ತಾಗುವ ಜಾಗಕ್ಕೂ ನಡುವೆ ಕನಿಷ್ಠ 25 ಮಿ.ಮೀ. ಉಳಿಯಬೇಕು. ಈ ಎರಡು ಪರೀಕ್ಷೆಯಲ್ಲೂ ಗೆದ್ದರೆ ನಿಮ್ಮ ಸ್ಪ್ರಿಂಗ್ ಚೆನ್ನಾಗಿದೆ, ಅದನ್ನು ಮುಟ್ಟಬೇಡಿ.

ಇನ್ನೆರಡು ಅಳತೆ. ಮುಂದಿನ ಚಕ್ರ ನೇರವಿಟ್ಟು, ಅದರ ನಡುವಿನಿಂದ ಹಿಂದಿನ ಎಡ ಮತ್ತು ಬಲ ಚಕ್ರದ ನಡುವಿಗೆ ಇರುವ ದೂರ ಹೋಲಿಸಿ. ಆಮೇಲೆ ಹಿಂದಿನ ಎರಡು ಟಯರ್‌ಗಳ ಮುಂಚೂಣಿಯಲ್ಲೂ ಹಿಂಬದಿಯಲ್ಲೂ ನಡುವಿನ ಅಂತರ ಅಳೆಯಿರಿ, ಎರಡೂ ಸಲ ಆಕ್ಸಲಿನ ಎತ್ತರದಲ್ಲೇ. ಮುಂದಿನ ಅಂತರ ಜಾಸ್ತಿಯಿದ್ದರೆ ಚಕ್ರಗಳು ಕಾಗೆಯ ಬಾಯಿಯಂತೆ ತೆರೆದುಕೊಂಡಿವೆ ಎಂದರ್ಥ, ಸಾಮಾನ್ಯವಾಗಿ ಬುಷ್ ಸವೆತವೇ ಕಾರಣ. ಟಯರಿನ ಒಳ ಅಂಚು ಬೇಗ ಸವೆಯುವುದೂ ಇದರಿಂದಲೇ.

ಹ್ಯಾಂಡಲ್ ಮತ್ತು ಮುಂದಿನ ಚಕ್ರ

ಮುಂಭಾಗ ಎತ್ತಿ, ಹ್ಯಾಂಡಲನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ನಿಧಾನ ತಿರುಗಿಸಿ. ನಡುವೆ ಎಲ್ಲೋ ಕೂತಂತೆ, ಹಳ್ಳಕ್ಕೆ ಇಳಿದಂತೆ ಅನಿಸಿದರೆ ಬಾಲ್ ರೇಸಿನಲ್ಲಿ ಗುಳಿ ಬಿದ್ದಿದೆ. ನೇರ ರಸ್ತೆಯಲ್ಲಿ ಗುಂಡಿ ಬಡಿದು ಬಡಿದು ಗುಂಡುಗಳು ಒಂದೇ ಜಾಗದಲ್ಲಿ ಅಚ್ಚೊತ್ತಿರುತ್ತವೆ. ಬಿಗಿ ಮಾಡಿದರೆ ಇದು ಸರಿಹೋಗದು, ಹ್ಯಾಂಡಲ್ ಗಟ್ಟಿಯಾಗಿ ಗಾಡಿ ಹಾವಿನಂತೆ ಹೊರಳುತ್ತದೆ. ಮೇಲಿನ, ಕೆಳಗಿನ ರೇಸ್ ಮತ್ತು ಗುಂಡುಗಳನ್ನು ಸೆಟ್ಟಾಗಿಯೇ ಬದಲಿಸಿ. ಹಳೆ ರೇಸಿಗೆ ಹೊಸ ಗುಂಡು ಹಾಕಿದರೆ ತಿಂಗಳೊಳಗೆ ಮತ್ತೆ ಅದೇ ಕಥೆ. ಬಿಗಿಯ ಹದ ಹೀಗೆ: ಫೋರ್ಕನ್ನು ಹಿಂದೆ ಮುಂದೆ ಎಳೆದರೆ ಅಲುಗಬಾರದು, ಹ್ಯಾಂಡಲನ್ನು ಬೆರಳಲ್ಲಿ ತಳ್ಳಿದರೆ ತಡೆಯಿಲ್ಲದೆ ಹೊರಳಬೇಕು.

ಮುಂದಿನ ಚಕ್ರವನ್ನು ಹಿಡಿದಿರುವ ಲಿಂಕಿನ ಪಿನ್ ನೋಡಿ. ಚಕ್ರದ ಮೇಲೆ ಒಂದು ಕೈ, ಕೆಳಗೆ ಒಂದು ಕೈ ಇಟ್ಟು ಅಲ್ಲಾಡಿಸಿದಾಗ ಟಕ್ ಎಂದರೆ ಸವೆದಿರುವುದು ಈ ಪಿನ್ನೋ ಚಕ್ರದ ಬೇರಿಂಗೋ ಎಂದು ತಿಳಿಯಬೇಕು. ಇನ್ನೊಬ್ಬರು ಬ್ರೇಕ್ ಒತ್ತಿ ಹಿಡಿಯಲಿ. ಬ್ರೇಕ್ ಒತ್ತಿದಾಗ ಸದ್ದು ನಿಂತರೆ ಬೇರಿಂಗ್, ನಿಲ್ಲದಿದ್ದರೆ ಪಿನ್. ಪಿನ್ ಹಾಕುವಾಗ ಸೀಲಿನ ತುಟಿಗೆ ಗ್ರೀಸ್ ಸವರಿ. ಒಣಗಿದ ಸೀಲ್ ಮಡಚಿಕೊಂಡರೆ ಮೊದಲ ಮಳೆಗೇ ಕೆಸರು ಒಳಗಿರುತ್ತದೆ.

ಹಿಂದಿನ ಬುಷ್: ನಿಜವಾದ ಕೆಲಸ ಇಲ್ಲಿದೆ

ಹಿಂದಿನ ಎರಡೂ ಚಕ್ರಗಳು ಬೇರೆ ಬೇರೆ ಸ್ವಿಂಗ್ ಆರ್ಮಿನ ತುದಿಯಲ್ಲಿವೆ. ಆರ್ಮಿನ ಮುಂದಿನ ತುದಿ ರಬ್ಬರ್ ಬುಷ್‌ಗಳ ಮೂಲಕ ಚಾಸಿಗೆ ಸೇರಿದೆ. ಆ ಬುಷ್‌ನಲ್ಲಿ 2 ಮಿ.ಮೀ. ಅಲುಗಾಟ ಬಂದರೆ ಆರ್ಮಿನ ಆ ಕೊನೆಯಲ್ಲಿರುವ ಚಕ್ರ ಅದರ ಹಲವು ಪಟ್ಟು ಅಲುಗುತ್ತದೆ. ತಿರುವಿನಲ್ಲಿ ಹೊರಬದಿಯ ಚಕ್ರ ತಾನೇ ದಿಕ್ಕು ಬದಲಿಸುತ್ತದೆ. ಚಾಲಕನಿಗೆ "ಹಿಂದೆ ಯಾರೋ ತಳ್ಳಿದ ಹಾಗೆ" ಅನಿಸುವುದು ಇದೇ.

ಸಂಜೆಯೇ ಬೋಲ್ಟ್‌ಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಟ್ಟರೆ ಬೆಳಿಗ್ಗೆ ಅರ್ಧ ಜಗಳ ಕಡಿಮೆ. ಚಾಸಿಯ ಗಟ್ಟಿ ಜಾಗಕ್ಕೆ ಸ್ಟ್ಯಾಂಡ್ ಕೊಟ್ಟು, ಮುಂದಿನ ಚಕ್ರಕ್ಕೆ ಎರಡೂ ಕಡೆ ಮರದ ತುಂಡು ಒತ್ತಿ. ಆರ್ಮಿನ ಕೆಳಗೆ ಜಾಕ್ ಹಿಡಿದೇ ಶಾಕಿನ ಕೆಳ ಬೋಲ್ಟ್ ತೆಗೆಯಿರಿ, ಏಕೆಂದರೆ ಆರ್ಮ್ ತೀರಾ ಕೆಳಗೆ ಬೀಳದಂತೆ ಬಹಳ ಸಲ ತಡೆದಿರುವುದು ಆ ಶಾಕೇ. ಜಾಕನ್ನು ನಿಧಾನ ಇಳಿಸಿ, ಒತ್ತಡ ಪೂರ್ತಿ ಹೋದ ಮೇಲೆ ಸ್ಪ್ರಿಂಗನ್ನು ತೆಗೆಯಿರಿ. ಒತ್ತಡ ಇನ್ನೂ ಇದ್ದರೆ ಕಂಪ್ರೆಸರ್ ಹಾಕಿ. ಹಗ್ಗ, ತಂತಿ ಕಟ್ಟಿ ಬಿಚ್ಚುವ ಸಾಹಸ ಬೇಡ. ಬ್ರೇಕ್ ಪೈಪು ಮತ್ತು ಡ್ರೈವ್ ಶಾಫ್ಟ್ ಬಿಡಿಸಿ, ಶಾಫ್ಟನ್ನು ನೇತುಬಿಡದೆ ತಂತಿಯಲ್ಲಿ ಎತ್ತಿ ಕಟ್ಟಿ. ಆಮೇಲೆ ಆರ್ಮಿನ ಮುಂದಿನ ತುದಿಯನ್ನು ಹಿಡಿದಿರುವ ಪಿವೋಟ್ ಬೋಲ್ಟ್ ತೆಗೆದು ಆರ್ಮ್ ಹೊರತೆಗೆಯಿರಿ. ಎಡ, ಬಲ ಎಂದು ಸೀಮೆಸುಣ್ಣದಲ್ಲಿ ಬರೆದಿಡಿ.

ಹಳೆ ಬುಷನ್ನು ಗ್ಯಾಸ್ ಟಾರ್ಚಿನಲ್ಲಿ ಸುಡಬೇಡಿ. ಹೊಗೆ ವಿಷ, ಬೆಂಕಿ ತಾಗಿದ ಕಡೆ ಬಣ್ಣ ಹೋಗಿ ಮುಂದಿನ ಮಳೆಗಾಲಕ್ಕೆ ತುಕ್ಕು. ರಾಡಿನ ವಿಧಾನವೇ ಸಾಕು: ಒಂದು ಬದಿ ಬುಷ್‌ನ ಹೊರ ತೋಳಿಗಿಂತ ಕೂದಲೆಳೆ ಚಿಕ್ಕದಾದ ಬಾಕ್ಸ್, ಇನ್ನೊಂದು ಬದಿ ಬುಷ್ ಹೊರಬಂದು ಕೂರುವಷ್ಟು ದೊಡ್ಡ ಪೈಪ್ ತುಂಡು, ನಡುವೆ ರಾಡು ತೂರಿಸಿ ವಾಷರ್ ಕೊಟ್ಟು ನಟ್ ಬಿಗಿಯುತ್ತಾ ಹೋಗಿ. ಬುಷ್ ಸದ್ದಿಲ್ಲದೆ ಪೈಪಿನೊಳಗೆ ಬರುತ್ತದೆ. ತೂತಿನ ಒಳಗೋಡೆಯ ತುಕ್ಕನ್ನು ಎಮರಿಯಲ್ಲಿ ಹೊಳೆಯುವಷ್ಟು ಉಜ್ಜಿ. ಹೊಸ ಬುಷ್ ಒತ್ತುವಾಗ ಒತ್ತಡ ಹೊರಗಿನ ಕಬ್ಬಿಣದ ತೋಳಿನ ಮೇಲೆ ಮಾತ್ರ ಬೀಳಬೇಕು. ನಡುವಿನ ಕೊಳವೆಯ ಮೇಲೆ ಒತ್ತಿದರೆ ರಬ್ಬರ್ ಅಂದೇ ಕಿತ್ತಿರುತ್ತದೆ, ಹೊರಗೆ ಕಾಣುವುದಿಲ್ಲ. ಜಾರಲು ಸೋಪಿನ ನೀರು ಸವರಿ. ಗ್ರೀಸ್, ಡೀಸೆಲ್ ಬೇಡ, ರಬ್ಬರ್ ಊದಿಕೊಳ್ಳುತ್ತದೆ.

ಇನ್ನು ಎಲ್ಲಕ್ಕಿಂತ ಮುಖ್ಯವಾದದ್ದು. ಆರ್ಮ್ ಜೋಡಿಸಿದಾಗ ಪಿವೋಟ್ ಬೋಲ್ಟ್‌ಗಳನ್ನು ಕೈಬಿಗಿ ಮಾತ್ರ ಮಾಡಿ. ಗಾಡಿ ನೆಲಕ್ಕಿಳಿದು, ಚಾಲಕ ಕೂತು, ಎರಡು ಸಲ ಅದುಮಿದ ಮೇಲೆ ಪೂರ್ತಿ ಬಿಗಿ ಮಾಡಿ. ಈ ಬುಷ್ ತಿರುಗುವುದಿಲ್ಲ, ರಬ್ಬರ್ ತಿರುಚಿಕೊಳ್ಳುತ್ತದೆ ಅಷ್ಟೆ. ಚಕ್ರ ನೇತಾಡುವಾಗ ಬಿಗಿದರೆ ಗಾಡಿ ಇಳಿಸಿದ ಕ್ಷಣದಿಂದಲೇ ಅದು ತಿರುಚಿದ ಸ್ಥಿತಿಯಲ್ಲಿರುತ್ತದೆ, ಮೂರ್ನಾಲ್ಕು ತಿಂಗಳಿಗೆ ಹರಿಯುತ್ತದೆ. "ಈಗಿನ ಬುಷ್ ಬಾಳಿಕೆ ಬರಲ್ಲ" ಎಂಬ ದೂರಿನಲ್ಲಿ ದೊಡ್ಡ ಪಾಲು ಈ ಒಂದು ತಪ್ಪಿನದು. ಬಿಗಿಯ ಅಂಕಿ ಗಾಡಿಯ ಸರ್ವೀಸ್ ಕೈಪಿಡಿಯದ್ದೇ ಆಗಿರಲಿ.

ಶಾಕ್

ಹಿಂದಿನ ಮೂಲೆಯನ್ನು ಅದುಮಿ ಬಿಡಿ. ಮೇಲೆ ಬಂದು ಒಮ್ಮೆ ಕೆಳಗಿಳಿದು ನಿಂತರೆ ಸರಿ. ಮತ್ತೆ ಮತ್ತೆ ತೂಗಿದರೆ ಮುಗಿದಿದೆ. ಎಣ್ಣೆ ಸೋರಿ ಧೂಳು ಮೆತ್ತಿದ್ದರೆ ಪರೀಕ್ಷೆಯೇ ಬೇಡ. ಹಿಂದಿನವನ್ನು ಜೋಡಿಯಾಗಿಯೇ ಬದಲಿಸಿ; ಒಂದು ಹೊಸತು, ಒಂದು ಹಳತು ಆದರೆ ಎಡ ತಿರುವಿನಲ್ಲಿ ಒಂದು ಗಾಡಿ, ಬಲ ತಿರುವಿನಲ್ಲಿ ಇನ್ನೊಂದು ಗಾಡಿ ಓಡಿಸಿದಂತಾಗುತ್ತದೆ.

ಹೊಸ ಶಾಕ್ ಅಂಗಡಿಯಲ್ಲಿ ಅಡ್ಡ ಮಲಗಿರುತ್ತದೆ, ಎಣ್ಣೆಯ ಕೋಣೆಗೆ ಗಾಳಿ ನುಗ್ಗಿರುತ್ತದೆ. ಹಾಕುವ ಮೊದಲು ಗಾಡಿಯಲ್ಲಿ ನಿಲ್ಲುವ ಹಾಗೇ ನೆಟ್ಟಗೆ ಹಿಡಿದು ಐದಾರು ಸಲ ಪೂರ್ತಿ ಒತ್ತಿ ಎಳೆಯಿರಿ. ಮೊದಲ ಎರಡು ಸಲ ನಡುವೆ ಖಾಲಿ ಸಿಗುತ್ತದೆ, ಆಮೇಲೆ ಒಂದೇ ಸಮನೆ ಬಿಗಿ. ಹಾಗಾಗದಿದ್ದರೆ ಅಂಗಡಿಗೆ ವಾಪಸ್. ಬೇರೆ ಮಾದರಿಯ ಶಾಕ್ ಹಾಕುವುದಾದರೆ ಪೂರ್ತಿ ಮುಚ್ಚಿದಾಗಿನ ಮತ್ತು ತೆರೆದಾಗಿನ ಉದ್ದ ಹಳೆಯದಕ್ಕೆ ಸರಿಹೊಂದಬೇಕು. ಮುಚ್ಚಿದ ಉದ್ದ ಜಾಸ್ತಿಯಿದ್ದರೆ ಬಂಪ್ ರಬ್ಬರ್ ತಾಗುವ ಮೊದಲೇ ಶಾಕ್ ಒಳಗೇ ಬಡಿದು ಒಡೆಯುತ್ತದೆ.

ಬುಷ್, ರೇಸ್, ಶಾಕ್ ಮುಗಿದ ಮೇಲೆ ನಿಲ್ಲಿಸಿ. ಒಂದು ವಾರ ಓಡಿಸಿ. ಸ್ಪ್ರಿಂಗಿನ ತೀರ್ಮಾನ ಆಮೇಲೆ.

ಸ್ಪ್ರಿಂಗ್ ಬದಲಿಸಲೇಬೇಕಾದರೆ

ಸ್ಪ್ರಿಂಗಿನ ಬಿಗಿ ತಂತಿಯ ದಪ್ಪದ ನಾಲ್ಕನೇ ಘಾತದ ಮೇಲೆ ನಿಂತಿದೆ. 10 ಮಿ.ಮೀ. ತಂತಿಯ ಬದಲು 10.5 ಹಾಕಿದರೆ ಶೇ. 22, 11 ಹಾಕಿದರೆ ಶೇ. 46 ಬಿಗಿ ಹೆಚ್ಚು. ನೋಟಕ್ಕೆ ಎರಡೂ ಒಂದೇ ಥರ ಕಾಣುತ್ತವೆ, ಹಾಗಾಗಿ ಕೈಯಲ್ಲಿ ಕ್ಯಾಲಿಪರ್ ಇಲ್ಲದೆ ಕೊಳ್ಳಬೇಡಿ. ಪ್ಯಾಸೆಂಜರ್ ಆಟೋಗೆ ಶೇ. 10ರಿಂದ 20ರವರೆಗೆ ಧಾರಾಳ. ಶೇ. 46 ಏರಿಸಿದರೆ ಅದನ್ನು ಅಷ್ಟೇ ಚೆನ್ನಾಗಿ ಹಿಡಿಯಲು ಶಾಕಿನ ತಡೆಯೂ ಶೇ. 20ರಷ್ಟು ಹೆಚ್ಚಬೇಕು. ಹಳೆ ಶಾಕಿಗೆ ಆ ಶಕ್ತಿಯಿಲ್ಲ, ಖಾಲಿ ಗಾಡಿ ಹಂಪಿನ ಮೇಲೆ ಚೆಂಡಾಗುತ್ತದೆ.

ಸುರುಳಿ ಕತ್ತರಿಸುವುದು ಇನ್ನೊಂದು ರೂಢಿ. ಎಂಟು ಕೆಲಸದ ಸುರುಳಿಯಲ್ಲಿ ಒಂದು ತೆಗೆದರೆ ಶೇ. 14 ಬಿಗಿಯಾಗುತ್ತದೆ, ನಿಜ. ಆದರೆ ತುದಿ ಚಪ್ಪಟೆ ಇರುವುದಿಲ್ಲ, ಗಾಡಿ ಕೆಳಗಿಳಿಯುತ್ತದೆ, ಗ್ಯಾಸ್ ಕಟರಿನ ಕಾವಿಗೆ ಉಕ್ಕಿನ ಹದ ಕೆಟ್ಟು ಅದೇ ಜಾಗದಲ್ಲಿ ಮುರಿಯುತ್ತದೆ. ಸುರುಳಿಗಳ ನಡುವೆ ರಬ್ಬರ್ ತುಂಡು ಸಿಕ್ಕಿಸುವುದೂ ಹೀಗೆಯೇ, ಆ ಸುರುಳಿ ಕೆಲಸ ನಿಲ್ಲಿಸಿ ಪಕ್ಕದ್ದರ ಮೇಲೆ ಭಾರ ಹಾಕುತ್ತದೆ.

ಎತ್ತರಿಸಲು ಸ್ಪ್ರಿಂಗ್ ಕೆಳಗೆ ವಾಷರ್ ಇಡುವವರು ಇದನ್ನು ಗಮನಿಸಿ. ಸ್ಪ್ರಿಂಗ್ ಪಿವೋಟಿಗೂ ಚಕ್ರಕ್ಕೂ ಸರಿ ನಡುವೆ ಕೂತಿದ್ದರೆ 10 ಮಿ.ಮೀ. ವಾಷರ್ ಗಾಡಿಯ ಹಿಂಭಾಗವನ್ನು 20 ಮಿ.ಮೀ. ಎತ್ತುತ್ತದೆ. ಹಿಂದೆ ಎದ್ದರೆ ಮುಂದಿನ ಫೋರ್ಕ್ ನೆಟ್ಟಗಾಗುತ್ತದೆ, ಹ್ಯಾಂಡಲ್ ಹಗುರಾಗಿ ನಡುಗುತ್ತದೆ, ಡ್ರೈವ್ ಶಾಫ್ಟಿನ ಕೋನ ಹೆಚ್ಚಿ ಜಾಯಿಂಟ್ ಸವೆಯುತ್ತದೆ, ನಡುಬಿಂದುವೂ ಮೇಲೇರುತ್ತದೆ. ಕುಸಿದ ಸ್ಪ್ರಿಂಗಿಗೆ ಕಂಪನಿಯ ಅಳತೆಯ ಹೊಸ ಸ್ಪ್ರಿಂಗ್ ಜೋಡಿಯೇ ಸರಿಯಾದ ಮದ್ದು.

ಚಕ್ರ ಹೊರಕ್ಕೆ ತರುವ ಹಬ್ ಸ್ಪೇಸರ್, ಚಾಸಿಗೆ ವೆಲ್ಡಿಂಗ್, ದೊಡ್ಡ ಟಯರ್ ಯಾವುದೂ ಬೇಡ. ಬೇರಿಂಗಿನ ಮೇಲೆ ಲೆಕ್ಕಕ್ಕೆ ಮೀರಿದ ಭಾರ ಬೀಳುತ್ತದೆ. ಆರ್‌ಸಿಯಲ್ಲಿರುವ ವಿವರ ಕಂಪನಿಯ ಮೂಲ ಅಳತೆಗಿಂತ ಬೇರೆಯಾಗುವ ಹಾಗೆ ಗಾಡಿ ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ. ಎಫ್‌ಸಿ (ಫಿಟ್‌ನೆಸ್ ಪರೀಕ್ಷೆ) ಸಮಯದಲ್ಲಿ ಸಿಕ್ಕಿಬೀಳುವುದಕ್ಕಿಂತ, ಅಪಘಾತವಾದಾಗ ವಿಮೆಯವರು ಇದನ್ನೇ ಎತ್ತಿ ಹಿಡಿದರೆ ಮನೆ ಮುಳುಗುತ್ತದೆ.

ಓಡಿಸಿ ನೋಡುವುದು

ಮೊದಲು ಖಾಲಿ ಮೈದಾನದಲ್ಲಿ, ಒಬ್ಬರೇ, 15 ಕಿ.ಮೀ. ವೇಗದಲ್ಲಿ ಎಡಕ್ಕೊಂದು ಬಲಕ್ಕೊಂದು ವೃತ್ತ. ಎರಡೂ ಕಡೆ ಗಾಡಿ ಒಂದೇ ಥರ ವಾಲಬೇಕು. ನೇರದಲ್ಲಿ 30ಕ್ಕೆ ಹೋಗಿ ಬ್ರೇಕ್ ಹಾಕಿ; ಒಂದು ಬದಿಗೆ ಎಳೆದರೆ ಬ್ರೇಕ್ ಹೊಂದಾಣಿಕೆ ನೋಡಿ, ಆಮೇಲೆ ಆರ್ಮ್ ಅಳತೆ. ಒಂದೇ ಚಕ್ರ ಗುಂಡಿಗೆ ಇಳಿಯುವಂತೆ ಓಡಿಸಿದಾಗ ಟಕ್ ಸದ್ದು ಬಂದರೆ ಶಾಕಿನ ಕಣ್ಣಿನ ಬುಷ್ ಅಥವಾ ಬೋಲ್ಟ್ ಸಡಿಲವಿದೆ. ಇಷ್ಟಾದ ಮೇಲೆ ಅಕ್ಕಿ ಚೀಲ ಹೇರಿ ಎಲ್ಲವನ್ನೂ ಮತ್ತೊಮ್ಮೆ ಮಾಡಿ, ಮೂರು ಅಳತೆಗಳನ್ನು ಹಳೆಯವುಗಳ ಪಕ್ಕದಲ್ಲಿ ಬರೆಯಿರಿ. ತಿರುವಿಗೆ ಮೊದಲೇ ಬ್ರೇಕ್ ಮುಗಿಸುವುದನ್ನು ಈ ಮೈದಾನದಲ್ಲೇ ಕೈಗೆ ಕಾಲಿಗೆ ಅಭ್ಯಾಸ ಮಾಡಿಸಿಕೊಳ್ಳಿ.

ಬಿಗಿದ ಪ್ರತಿ ನಟ್ಟಿನ ಮೇಲೂ ಬೋಲ್ಟಿನ ಮೇಲೂ ಸೇರುವಂತೆ ಬಿಳಿ ಬಣ್ಣದ ಒಂದು ಗೆರೆ ಎಳೆಯಿರಿ. 100 ಕಿ.ಮೀ. ಆದ ಮೇಲೆ ಬಗ್ಗಿ ನೋಡಿ. ಗೆರೆ ಮುರಿದಿದ್ದರೆ ಆ ನಟ್ ಸರಿದಿದೆ, ಮತ್ತೆ ಟಾರ್ಕ್ ರೆಂಚ್ ಹಾಕಿ. 500 ಕಿ.ಮೀ.ಗೆ ಇನ್ನೊಮ್ಮೆ ನೋಡಿ. ಆಮೇಲೆ ಮಳೆಗಾಲಕ್ಕೆ ಮುಂಚೆ ಒಮ್ಮೆ, ಮಳೆ ಮುಗಿದ ಮೇಲೆ ಒಮ್ಮೆ ಮುಂದಿನ ಲಿಂಕಿನ ನಿಪ್ಪಲಿಗೆ ಹಳೆ ಗ್ರೀಸ್ ಹೊರಬರುವ ತನಕ ಹೊಸ ಗ್ರೀಸ್ ಹೊಡೆಯಿರಿ.